ಪಿಯುಸಿಯಲ್ಲಿ ಶೇ. 52, ಮಾಕ್ ಟೆಸ್ಟಿನಲ್ಲಿ 95: ಲಾ ಸ್ಕೂಲ್ ಸೀಟು ಸಿಗುತ್ತಾ?

ಪ್ರಶ್ನೆ: ಮೇಡಂ, ನಾನು ಗದಗ-ಬೆಟಗೇರಿಯವಳು. ಈ ಸಲ ಪಿಯುಸಿ ಕಾಮರ್ಸ್ ಮುಗಿಸಿದೆ. 600ಕ್ಕೆ 312 ಬಂದಿದೆ, ಅಂದರೆ ಶೇ. 52. ಪರೀಕ್ಷೆ ಹೊತ್ತಿಗೆ ಅವ್ವನಿಗೆ ಆಪರೇಷನ್ ಆಗಿತ್ತು, ಸರಿಯಾಗಿ ಓದೋಕೆ ಆಗಲಿಲ್ಲ. ಆದರೆ ಕಾನೂನು ಕೋರ್ಸಿನ ಪ್ರವೇಶ ಪರೀಕ್ಷೆ ಕ್ಲ್ಯಾಟಿನ ಮಾಕ್ ಟೆಸ್ಟ್‌ಗಳಲ್ಲಿ 120ಕ್ಕೆ 95ರ ತನಕ ಬರುತ್ತದೆ. ಕೊನೆಯ ಹತ್ತು ಟೆಸ್ಟಿನ ಅಂಕ ಇವು: 71, 84, 79, 92, 88, 76, 90, 83, 95, 81. ನೆಟ್ಟಿನಲ್ಲಿ ಸಿಕ್ಕ ಒಂದು ಕ್ಯಾಲ್ಕುಲೇಟರಿಗೆ ನನ್ನ ಅಂಕ ಹಾಕಿದೆ. ಅವಕಾಶ ತೀರಾ ಕಡಿಮೆ ಅಂತ ತೋರಿಸಿತು. ಅಪ್ಪನದು ಕಿರಾಣಿ ಅಂಗಡಿ. "ಐವತ್ತೆರಡಕ್ಕ ಯಾರು ಸೀಟ್ ಕೊಡ್ತಾರವಾ, ಸುಮ್ನ ಬಿ.ಕಾಂ. ಸೇರಿಬಿಡು" ಅಂತಾರೆ. ನಮ್ಮದು 3ಬಿ ಸರ್ಟಿಫಿಕೇಟ್. ಬೆಂಗಳೂರಿನ ಲಾ ಸ್ಕೂಲಿನಲ್ಲಿ ಸೀಟು ಸಿಗೋ ಅವಕಾಶ ನನಗೆ ಎಷ್ಟಿದೆ? ಒಂದು ವರ್ಷ ಮನೆಯಲ್ಲೇ ಕೂತು ಓದಲಾ, ಇಲ್ಲೇ ಎಲ್ಲಾದರೂ ಸೇರಲಾ?

ಉತ್ತರ: ತಂಗಿ, ಮೊದಲು ಆ ಕ್ಯಾಲ್ಕುಲೇಟರನ್ನು ಮುಚ್ಚಿಬಿಡು. ಅದು ಅಮೆರಿಕದ್ದು. ಅಲ್ಲಿ ಡಿಗ್ರಿ ಮುಗಿಸಿದ ಮೇಲೆ ಕಾನೂನು ಓದುತ್ತಾರೆ. ಡಿಗ್ರಿಯ ಸರಾಸರಿ ಅಂಕ ಮತ್ತು ಕಾನೂನು ಕಾಲೇಜಿನ ಪ್ರವೇಶ ಪರೀಕ್ಷೆಯಾದ, 120ರಿಂದ 180ರ ಅಳತೆಯ ಎಲ್‌ಸ್ಯಾಟ್ ಅಂಕ, ಎರಡನ್ನೂ ಒಟ್ಟಿಗೆ ತೂಗಿ ಸೀಟು ಕೊಡುತ್ತಾರೆ. ಅಂಕ ಸಾಧಾರಣ, ಟೆಸ್ಟ್ ಜೋರು ಅನ್ನುವವರನ್ನು ಅಲ್ಲಿ 'ಸ್ಪ್ಲಿಟರ್' ಅಂತಲೇ ಕರೆಯುತ್ತಾರೆ. ಅವರಿಗೆ ಒಂದು ಕಾಲೇಜು ಹೂಂ ಅನ್ನುತ್ತದೆ, ಅಂಥದ್ದೇ ಇನ್ನೊಂದು ಕಾಲೇಜು ಉಹೂಂ ಅನ್ನುತ್ತದೆ. ಹಾಗಾಗಿ ಅಲ್ಲಿನ ಹುಡುಗರಿಗೆ ಆ ಕ್ಯಾಲ್ಕುಲೇಟರ್ ಬೇಕಾಗುತ್ತದೆ. ನಮ್ಮಲ್ಲಿ ಲೆಕ್ಕವೇ ಬೇರೆ. ಇಲ್ಲಿ ಎರಡನ್ನೂ ಸೇರಿಸಿ ತೂಗುವವರು ಕಡಿಮೆ. ಕೆಲವು ಕಡೆ ಟೆಸ್ಟಿನ ಅಂಕ ಮಾತ್ರ ನೋಡುತ್ತಾರೆ, ಕೆಲವು ಕಡೆ ಪಿಯುಸಿ ಅಂಕ ಮಾತ್ರ. ನೀನು ಯಾವ ಬಾಗಿಲು ತಟ್ಟುತ್ತಿದ್ದೀ ಅನ್ನುವುದರ ಮೇಲೆ ನಿನ್ನ 312 ಕೆಲಸಕ್ಕೆ ಬರುತ್ತದೋ, 95 ಕೆಲಸಕ್ಕೆ ಬರುತ್ತದೋ ತೀರ್ಮಾನ ಆಗುತ್ತದೆ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ. ನಾನು ಧಾರವಾಡದಲ್ಲಿ ಪಾಠ ಶುರು ಮಾಡಿದ ಹೊಸದರಲ್ಲಿ ಶಿಗ್ಗಾವಿ ಕಡೆಯ ಒಬ್ಬ ಹುಡುಗಿ ಕೇಳೋಕೆ ಬಂದಿದ್ದಳು. ಪಿಯುಸಿಯಲ್ಲಿ ಶೇ. 48 ಆಗಿತ್ತು. ನಾನು ಅಂಕಪಟ್ಟಿ ನೋಡಿ, "ಕ್ಲ್ಯಾಟ್ ಎಲ್ಲಾ ಬೇಡವ್ವಾ, ನಿನಗೆ ಕಷ್ಟ" ಅಂದುಬಿಟ್ಟೆ. ಅವಳ ಇಂಗ್ಲಿಷ್ ಎಷ್ಟು ಚಲೋ ಇದೆ, ತರ್ಕ ಎಷ್ಟು ಚುರುಕು ಅಂತ ನಾನು ಕೇಳಲೇ ಇಲ್ಲ. ಅವಳು ಆ ಪರೀಕ್ಷೆ ಬರೆಯಲೇ ಇಲ್ಲ. ಅದು ನನ್ನ ತಪ್ಪು. ಆಮೇಲಿಂದ ಯಾರೇ ಬಂದರೂ ಮೊದಲು ಟೆಸ್ಟಿನ ಅಂಕ ಕೇಳುತ್ತೇನೆ, ಆಮೇಲೆ ಅಂಕಪಟ್ಟಿ.

ಈಗ ಮೊದಲ ಬಾಗಿಲು, ಕ್ಲ್ಯಾಟ್. ಇದು ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪ್ರವೇಶ ಪರೀಕ್ಷೆ. ಇಪ್ಪತ್ತಕ್ಕೂ ಜಾಸ್ತಿ ವಿಶ್ವವಿದ್ಯಾಲಯಗಳು ಇದರಲ್ಲಿವೆ. ದೆಹಲಿಯದು ಇದರ ಹೊರಗಿದೆ. ಅದರ ಪರೀಕ್ಷೆ ಐಲೆಟ್, ಅದೂ ಡಿಸೆಂಬರಿನಲ್ಲೇ ನಡೆಯುತ್ತದೆ. ಕ್ಲ್ಯಾಟಿಗೆ ಪಿಯುಸಿಯಲ್ಲಿ ಬೇಕಾದದ್ದು ಶೇ. 45. ಎಸ್‌ಸಿ, ಎಸ್‌ಟಿಯವರಿಗೆ ಶೇ. 40. 600ರ ಲೆಕ್ಕದಲ್ಲಿ 270 ಮತ್ತು 240. ನಿನ್ನದು 312. ಗೆರೆ ದಾಟಿದೆ, ಅಷ್ಟೇ ಸಾಕು. ಗೆರೆ ದಾಟಿದ ಮೇಲೆ 312 ಬಂದವಳೂ 588 ಬಂದವನೂ ಒಂದೇ. ರ‍್ಯಾಂಕ್ ಪಟ್ಟಿ ಮಾಡುವಾಗ ಪಿಯುಸಿ ಅಂಕ ಎಲ್ಲೂ ಸೇರುವುದಿಲ್ಲ. ಇಬ್ಬರಿಗೆ ಸಮ ಅಂಕ ಬಂದರೂ ಪಿಯುಸಿ ನೋಡುವುದಿಲ್ಲ. ಕಾನೂನು ತರ್ಕದ ವಿಭಾಗದಲ್ಲಿ ಯಾರಿಗೆ ಜಾಸ್ತಿ ಅಂತ ನೋಡುತ್ತಾರೆ, ಅಲ್ಲೂ ಸಮ ಆದರೆ ವಯಸ್ಸಿನಲ್ಲಿ ದೊಡ್ಡವರು ಮುಂದೆ, ಅದೂ ಸಮ ಆದರೆ ಕಂಪ್ಯೂಟರ್ ಚೀಟಿ ಎತ್ತುತ್ತದೆ. ವಯಸ್ಸಿನ ಮೇಲ್ಮಿತಿಯೂ ಇಲ್ಲ. ಹಾಗಾಗಿ "ಐವತ್ತೆರಡಕ್ಕ ಯಾರು ಸೀಟ್ ಕೊಡ್ತಾರ" ಅನ್ನುವ ಅಪ್ಪನ ಪ್ರಶ್ನೆಗೆ ಉತ್ತರ: ಕ್ಲ್ಯಾಟಿನ ಮೂಲಕ ಹೋದರೆ ಆ ಐವತ್ತೆರಡನ್ನು ಯಾರೂ ಅಡ್ಡ ತರುವುದಿಲ್ಲ.

ಇದನ್ನು ಓದುವ ಬೇರೆ ಮಕ್ಕಳಿಗೆ ಒಂದು ಮಾತು. ನಿಮ್ಮದು 268, 269ರಲ್ಲಿ ನಿಂತಿದ್ದರೆ ಅದನ್ನು 45 ಅಂತ ಮೇಲಕ್ಕೆ ಎಳೆದು ಕೊಡುತ್ತಾರೆ ಅಂತ ನಂಬಿಕೊಂಡು ಕೂರಬೇಡಿ. ಪಿಯುಸಿಯನ್ನು ಈಗ ಒಂದೇ ವರ್ಷದಲ್ಲಿ ಒಂದಕ್ಕಿಂತ ಜಾಸ್ತಿ ಸಲ ಬರೆಯಬಹುದು, ಜಾಸ್ತಿ ಬಂದ ಅಂಕ ಉಳಿಸಿಕೊಳ್ಳಬಹುದು. ಆ ಎರಡು ಅಂಕಕ್ಕಾಗಿ ಅದನ್ನು ಬರೆಯುವುದು ಸರಿ. ನಿನಗೆ ಮಾತ್ರ ಅದು ಬೇಡ ತಂಗಿ. 312ನ್ನು 340 ಮಾಡೋಕೆ ತಿಂಗಳುಗಟ್ಟಲೆ ಕೂತರೆ ಕ್ಲ್ಯಾಟಿನಲ್ಲಿ ಒಂದು ಅಂಕವೂ ಏರುವುದಿಲ್ಲ.

ಇನ್ನು ನಿನ್ನ 95. ಇಲ್ಲಿ ನಾನು ಸ್ವಲ್ಪ ಕಟುವಾಗಿ ಹೇಳಬೇಕು. "ನನಗೆ 95ರ ತನಕ ಬರುತ್ತದೆ" ಅಂತ ಬರೆದಿದ್ದೀ. ಹತ್ತರಲ್ಲಿ ಒಂದು ಸಲ ಬಂದಿದೆ. ಹತ್ತನ್ನೂ ಸಣ್ಣದರಿಂದ ದೊಡ್ಡದಕ್ಕೆ ಜೋಡಿಸು: 71, 76, 79, 81, 83, 84, 88, 90, 92, 95. ಕೆಳಗಿನ ಎರಡು ಬಿಡು, ಮೇಲಿನ ಎರಡು ಬಿಡು. ಉಳಿಯುವುದು 79ರಿಂದ 90. ನಡುವಿನ ಅಂಕ 83, 84. ಪರೀಕ್ಷೆಯ ದಿನ ನಿನಗೆ ಬರುವುದು ಬಹುಶಃ ಈ 79 ಮತ್ತು 90ರ ನಡುವೆ. ಸೀಟಿನ ಲೆಕ್ಕವನ್ನು 95ರಿಂದ ಶುರು ಮಾಡಿದರೆ ಡಿಸೆಂಬರಿನಲ್ಲಿ ಎದೆ ಒಡೆಯುತ್ತದೆ. 71ರಿಂದ ಶುರು ಮಾಡಿದರೆ ಇವತ್ತೇ ಕೈ ಚೆಲ್ಲುತ್ತೀ. 84ರಿಂದ ಶುರು ಮಾಡು.

ಅದು ಬಿಟ್ಟು ಇನ್ನೊಂದು ಸಂಗತಿ ಇದೆ. ಮಾಕ್ ಪೇಪರ್ ಮಾಡುವವರು ಕೋಚಿಂಗಿನವರು. ಒಬ್ಬರ ಪೇಪರ್ ಕಷ್ಟ, ಇನ್ನೊಬ್ಬರದು ಸುಲಭ. ಒಂದೇ ಕೋಚಿಂಗಿನ ಪೇಪರನ್ನು ಹತ್ತು ಸಲ ಬರೆದರೆ ಅವರ ಪ್ರಶ್ನೆ ಕೇಳುವ ಶೈಲಿಗೆ ಕೈ ಪಳಗಿಬಿಡುತ್ತದೆ, ಅಂಕ ತಾನಾಗಿ ಏರುತ್ತದೆ. ಅದನ್ನು ಪರೀಕ್ಷಿಸೋಕೆ ನಿಜವಾದ ಪೇಪರೇ ಬೇಕು. ಈಗಿನ ಮಾದರಿ, ಅಂದರೆ ಎರಡು ಗಂಟೆಯಲ್ಲಿ 120 ಪ್ರಶ್ನೆ, 2024ರ ಪ್ರವೇಶದ ಪರೀಕ್ಷೆಯಿಂದ ಬಂದದ್ದು. ಅದಕ್ಕೆ ಮೊದಲು 150 ಪ್ರಶ್ನೆ ಇರುತ್ತಿತ್ತು. 2024, 2025, 2026ರ ಪೇಪರುಗಳು ಕ್ಲ್ಯಾಟ್ ನಡೆಸುವ ಒಕ್ಕೂಟವಾದ ಕನ್ಸಾರ್ಟಿಯಂ ವೆಬ್‌ಸೈಟಿನಲ್ಲೇ ಸಿಗುತ್ತವೆ. ನೀನು ಇದುವರೆಗೂ ನೋಡಿಲ್ಲದಿದ್ದರೆ ಒಳ್ಳೆಯದೇ ಆಯಿತು. ಮೂರು ಭಾನುವಾರ, ಮಧ್ಯಾಹ್ನ ಎರಡಕ್ಕೆ, ಮೊಬೈಲ್ ಅವ್ವನ ಕೈಗೆ ಕೊಟ್ಟು, ಮುದ್ರಿಸಿದ ಪೇಪರ್ ಇಟ್ಟುಕೊಂಡು, ಓಎಂಆರ್ ಹಾಳೆಯಲ್ಲೇ ಗುಂಡಗೆ ಕಪ್ಪು ಮಾಡಿ ಬರೆ. ಕ್ಲ್ಯಾಟ್ ಕಾಗದದ ಮೇಲೆ ಬರೆಯುವ ಪರೀಕ್ಷೆ. ಮೊಬೈಲಿನಲ್ಲಿ ಟಿಕ್ ಮಾಡಿದ ಅಂಕವನ್ನು ನಾನು ಅರ್ಧವೇ ನಂಬುತ್ತೇನೆ. ಗುಂಡು ತುಂಬೋಕೆ ಹೋಗುವ ಹೊತ್ತನ್ನು ಯಾರೂ ಲೆಕ್ಕ ಹಿಡಿಯುವುದಿಲ್ಲ.

ಆಮೇಲೆ ನಾನು ನನ್ನ ಹುಡುಗರ ಕೈಲಿ ಮಾಡಿಸುವ ಕೆಲಸ ಮಾಡು. ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಒಂಬತ್ತು ಮನೆ ಎಳೆ. ಅಡ್ಡಕ್ಕೆ ಮೂರು ವರ್ಷ, ಉದ್ದಕ್ಕೆ ಮೂರು ಅಂಕ: 79, 84, 90. ಪ್ರತಿ ಮನೆಯಲ್ಲೂ ಆ ವರ್ಷ ಆ ಅಂಕಕ್ಕೆ ಎಷ್ಟನೇ ರ‍್ಯಾಂಕ್ ಬಂದಿತ್ತು ಅಂತ ತುಂಬು. ಕೌನ್ಸೆಲಿಂಗ್ ಪಟ್ಟಿಯಲ್ಲಿ ರ‍್ಯಾಂಕ್ ಇರುತ್ತದೆ, ಅಂಕ ಇರುವುದಿಲ್ಲ. ಆದರೆ ಆಯಾ ವರ್ಷ ಬರೆದ ಹುಡುಗರ ಸ್ಕೋರ್ ಕಾರ್ಡಿನಲ್ಲಿ ಎರಡೂ ಇರುತ್ತವೆ, ನಾಲ್ಕಾರು ಜನರನ್ನು ಕೇಳಿದರೆ ಲೆಕ್ಕ ಸಿಗುತ್ತದೆ. ಕೋಚಿಂಗಿನವರು ಹಾಕುವ ಪಟ್ಟಿಯನ್ನೂ ನೋಡಬಹುದು, ಆದರೆ ಎರಡು ಬೇರೆ ಕಡೆಯ ಪಟ್ಟಿ ತಾಳೆ ಹಾಕಿ ನೋಡು.

ಈ ಮನೆಗಳನ್ನು ತುಂಬುವಾಗಲೇ ನಿನಗೆ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. ಅದೇ 84ಕ್ಕೆ ಪೇಪರ್ ಕಷ್ಟ ಇದ್ದ ವರ್ಷ ಕೆಲವೇ ನೂರರ ಆಸುಪಾಸಿನ ರ‍್ಯಾಂಕ್, ಸುಲಭ ಇದ್ದ ವರ್ಷ ಸಾವಿರದ ಆಚೆ. "ಕ್ಲ್ಯಾಟಿನಲ್ಲಿ 85 ಬಂದರೆ ಸೀಟು ಗ್ಯಾರಂಟಿ" ಅಂತ ಯಾರಾದರೂ ಹೇಳಿದರೆ ಅದಕ್ಕೆ ಅರ್ಥವೇ ಇಲ್ಲ. ಯಾವ ವರ್ಷದ 85 ಅಂತ ಕೇಳಬೇಕು. ಈ ನಡುವಿನ ಅಂಕಗಳಲ್ಲಿ ಜನ ಒತ್ತೊತ್ತಾಗಿ ಇರುತ್ತಾರೆ. ಒಂದೇ ಅಂಕದ ಅಂತರದಲ್ಲಿ ನೂರಾರು ರ‍್ಯಾಂಕ್ ಹೋಗಿಬಿಡುತ್ತದೆ. ಉತ್ತರದ ಕೀಲಿ ಬದಲಾದರೂ ರ‍್ಯಾಂಕ್ ಅಲ್ಲಾಡುತ್ತದೆ. 2025ರ ಪ್ರವೇಶದ ಕ್ಲ್ಯಾಟಿನಲ್ಲಿ ಕೆಲವು ಪ್ರಶ್ನೆಗಳ ಉತ್ತರದ ಜಗಳ ದೆಹಲಿ ಹೈಕೋರ್ಟಿನಿಂದ ಸುಪ್ರೀಂ ಕೋರ್ಟಿನ ತನಕ ಹೋಗಿ, ತೀರ್ಪು ಬಂದದ್ದು ಆ ವರ್ಷದ ಮೇ ತಿಂಗಳಿನಲ್ಲಿ. ಅಲ್ಲಿಯ ತನಕ ಕೌನ್ಸೆಲಿಂಗ್ ನಿಂತೇ ಇತ್ತು. ಒಂದೆರಡು ಪ್ರಶ್ನೆಯಿಂದ ಇಷ್ಟಾಗುತ್ತದೆ ಅಂದಮೇಲೆ ಒಂದೇ ರ‍್ಯಾಂಕ್ ಹಿಡಿದುಕೊಂಡು ಕನಸು ಕಟ್ಟುವುದು ಸರಿಯಲ್ಲ, ಅಲ್ವಾ?

ಮನೆ ತುಂಬಿದ ಮೇಲೆ ಒಂದೊಂದು ವಿಶ್ವವಿದ್ಯಾಲಯದ ಕೊನೆಯ ರ‍್ಯಾಂಕ್ ತೆಗೆದುಕೋ. ಯಾರಿಗೆ ಸೀಟು ಕೊಟ್ಟರು ಅನ್ನುವ ಪಟ್ಟಿಯನ್ನು ಕನ್ಸಾರ್ಟಿಯಂ ಪ್ರತಿ ಸುತ್ತಿನಲ್ಲೂ ಹಾಕುತ್ತದೆ. ಮೊದಲ ಸುತ್ತಿನದು ಬೇಡ, ಕೊನೆ ಸುತ್ತಿನದು ನೋಡು. ನಡುವೆ ಜನ ಬಿಟ್ಟುಹೋಗುತ್ತಾರೆ, ಪಟ್ಟಿ ಕೆಳಗೆ ಇಳಿಯುತ್ತದೆ. ನಿನ್ನ ಒಂಬತ್ತು ಮನೆಯಲ್ಲಿ ಎಷ್ಟು ಮನೆ ಆ ರ‍್ಯಾಂಕಿನ ಒಳಗೆ ಬರುತ್ತದೆ ಅಂತ ಎಣಿಸು. ಏಳಕ್ಕಿಂತ ಜಾಸ್ತಿ ಬಂದರೆ ಆ ಸೀಟು ಹತ್ತಿರ ಹತ್ತಿರ ನಿನ್ನದು ಅಂತ ಇಟ್ಟುಕೊಳ್ಳಬಹುದು. ಮೂರು, ನಾಲ್ಕು ಬಂದರೆ ಆ ದಿನದ ಪೇಪರ್ ಮೇಲೆ ಹೋಗುತ್ತದೆ. ಒಂದು ಅಥವಾ ಸೊನ್ನೆ ಬಂದರೆ ಆಸೆ ಇಟ್ಟುಕೋ, ಆದರೆ ಅದನ್ನೇ ನಂಬಿ ಬೇರೆಯದನ್ನು ಬಿಡಬೇಡ.

ಬೆಂಗಳೂರಿನದು ಕೇಳಿದ್ದೀ. ನಾಗರಭಾವಿಯ ರಾಷ್ಟ್ರೀಯ ಕಾನೂನು ಶಾಲೆ ದೇಶದ ಮೊದಲ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ, ಎಲ್ಲರ ಮೊದಲ ಆಯ್ಕೆ. ಸಾಮಾನ್ಯ ಪಟ್ಟಿಯಲ್ಲಿ ಅಲ್ಲಿನ ಸೀಟುಗಳು ಮೊದಲ ನೂರು ರ‍್ಯಾಂಕಿನ ಆಸುಪಾಸಿನಲ್ಲೇ ಮುಗಿಯುತ್ತವೆ. ನಿನ್ನ 84ಕ್ಕೆ ಅದು ಸಿಗುವುದಿಲ್ಲ. ಇದನ್ನು ಮರೆಮಾಚಿ ಹೇಳಿದರೆ ನಿನಗೆ ಮೋಸ ಮಾಡಿದ ಹಾಗೆ. ಆದರೆ ನಿನಗೆ ಇನ್ನೊಂದು ದಾರಿ ಇದೆ, ಅದನ್ನು ಗದಗ, ಹಾವೇರಿಯ ಎಷ್ಟೋ ಮಕ್ಕಳು ಗಮನಿಸುವುದೇ ಇಲ್ಲ. ಅಲ್ಲಿ ಪ್ರತಿ ವರ್ಗದ ಒಳಗೂ ಶೇ. 25 ಸೀಟು ಕರ್ನಾಟಕದ ವಿದ್ಯಾರ್ಥಿಗಳಿಗೆ ಇದೆ. ಕರ್ನಾಟಕದ ಶಾಲೆ, ಕಾಲೇಜುಗಳಲ್ಲಿ ಹತ್ತು ವರ್ಷಕ್ಕೆ ಕಡಿಮೆ ಇಲ್ಲದೆ ಓದಿದವರು ಅದಕ್ಕೆ ಬರುತ್ತಾರೆ. ನೀನು ಒಂದನೇ ತರಗತಿಯಿಂದ ಪಿಯುಸಿ ತನಕ ಇಲ್ಲೇ ಓದಿದ್ದರೆ ಸಂಶಯವೇ ಇಲ್ಲ. "ಅದನ್ನು ಕೋರ್ಟ್ ರದ್ದು ಮಾಡಿತಲ್ಲ" ಅಂತ ಯಾರಾದರೂ ಹೇಳಬಹುದು. 2020ರಲ್ಲಿ ರಾಜ್ಯ ಸರ್ಕಾರ ತಂದ ತಿದ್ದುಪಡಿಯನ್ನು ಹೈಕೋರ್ಟ್ ರದ್ದು ಮಾಡಿದ್ದು ನಿಜ. ಆಮೇಲೆ ವಿಶ್ವವಿದ್ಯಾಲಯ ತಾನೇ ತನ್ನ ನೀತಿಯಲ್ಲಿ ಇದನ್ನು ತಂದಿತು. ಈ ಪಟ್ಟಿಯ ಕೊನೆಯ ರ‍್ಯಾಂಕ್ ಸಾಮಾನ್ಯ ಪಟ್ಟಿಗಿಂತ ಸಾಕಷ್ಟು ಹಿಂದೆ ಇರುತ್ತದೆ. ನಿನ್ನ 90ರ ಸಾಲಿನ ಮನೆಗಳನ್ನು ಈ ಪಟ್ಟಿಗೆ ಹೋಲಿಸಿ ನೋಡು. ಕಷ್ಟದ ಪೇಪರ್ ಬಂದ ವರ್ಷ ನಿನ್ನಂಥವಳಿಗೆ ಅಲ್ಲಿ ಜಾಗ ಇದೆ. ಇದು ಗಾಳಿಮಾತಲ್ಲ, ಆದರೆ ಗ್ಯಾರಂಟಿಯೂ ಅಲ್ಲ. 84ರಿಂದ 90ಕ್ಕೆ ಏರುವುದೇ ನಿನ್ನ ಮುಂದಿನ ಆರು ತಿಂಗಳ ಕೆಲಸ.

3ಬಿ ವಿಷಯದಲ್ಲಿ ಹುಷಾರಾಗಿರು. 3ಬಿ ರಾಜ್ಯದ ಪಟ್ಟಿ. ಕ್ಲ್ಯಾಟ್ ಅರ್ಜಿಯಲ್ಲಿ ಒಬಿಸಿ ನಾನ್ ಕ್ರೀಮಿ ಲೇಯರ್ ಅಂತ ಕಾಣಿಸುವುದನ್ನು 3ಬಿಗೆ ಸಮ ಅಂತ ತಿಳಿದು ಟಿಕ್ ಮಾಡುವವರು ಪ್ರತಿ ವರ್ಷ ಸಿಗುತ್ತಾರೆ. ರಾಜ್ಯದ 3ಬಿಯಲ್ಲಿರುವ ಕೆಲವು ಜಾತಿ, ಉಪಜಾತಿಗಳು ಕೇಂದ್ರದ ಒಬಿಸಿ ಪಟ್ಟಿಯಲ್ಲಿವೆ, ಕೆಲವು ಇಲ್ಲ. ನಿಮ್ಮ ಸರ್ಟಿಫಿಕೇಟಿನಲ್ಲಿರುವ ಹೆಸರು ಅಕ್ಷರಕ್ಕೆ ಅಕ್ಷರ ಕೇಂದ್ರದ ಪಟ್ಟಿಯಲ್ಲಿ ಇದೆಯಾ ನೋಡು. ಇದ್ದರೆ ಕೇಂದ್ರದ ನಮೂನೆಯ ಪ್ರಮಾಣಪತ್ರವನ್ನು ನಾಡಕಚೇರಿಯಲ್ಲಿ ಈಗಲೇ ಮಾಡಿಸು. ಇಲ್ಲದಿದ್ದರೆ ಸಾಮಾನ್ಯ ವರ್ಗ ಅಂತ ಹಾಕು, ಕರ್ನಾಟಕ ವಿದ್ಯಾರ್ಥಿ ಅಂತ ಮರೆಯದೆ ಹಾಕು. ಬೇರೆ ರಾಜ್ಯದ ವಿಶ್ವವಿದ್ಯಾಲಯಗಳು ಹಿಂದುಳಿದ ವರ್ಗದ ಸೀಟನ್ನು ತಮ್ಮ ರಾಜ್ಯದವರಿಗೇ ಇಟ್ಟುಕೊಳ್ಳುವುದೂ ಉಂಟು. ಒಂದೊಂದರದೂ ನಿಯಮ ಬೇರೆ. ಕೌನ್ಸೆಲಿಂಗಿನ ದಿನ ಮೀಸಲಾತಿ ನಿಲ್ಲಲಿಲ್ಲ ಅಂದರೆ ಆ ವರ್ಷವೇ ಹೋದ ಹಾಗೆ.

ಬೆಂಗಳೂರು ಬಿಟ್ಟು ಉಳಿದವುಗಳ ಲೆಕ್ಕವನ್ನೂ ಒಂಬತ್ತು ಮನೆಯಲ್ಲೇ ಹಾಕು. ಹೈದರಾಬಾದಿನ ನಲ್ಸಾರ್ ಬೆಂಗಳೂರಿನ ಹಿಂದೆಯೇ ಇರುತ್ತದೆ. ಮಹಾರಾಷ್ಟ್ರದಲ್ಲಿ ಮುಂಬೈ, ನಾಗಪುರ, ಔರಂಗಾಬಾದ್ (ಈಗಿನ ಛತ್ರಪತಿ ಸಂಭಾಜಿನಗರ) ಇವೆ, ಆದರೆ ಅಲ್ಲಿ ಆ ರಾಜ್ಯದವರಿಗೆ ತುಂಬಾ ಸೀಟು ಹೋಗುತ್ತದೆ. ಕೊಚ್ಚಿ, ತಿರುಚಿರಾಪಳ್ಳಿ, ವಿಶಾಖಪಟ್ಟಣ ನಿನ್ನ 84ರ ಸಾಲಿಗೆ ಹತ್ತಿರ ಬರಬಹುದಾದವು. ಮಹಾರಾಷ್ಟ್ರ ಸಿಇಟಿಯನ್ನೂ ನೋಡು. ಅದರಲ್ಲಿ ತಪ್ಪು ಉತ್ತರಕ್ಕೆ ಅಂಕ ಕಡಿತ ಇಲ್ಲ. ಪುಣೆಯ ಐಎಲ್‌ಎಸ್ ಲಾ ಕಾಲೇಜು ಅದರ ಮೂಲಕ ಸಿಗುತ್ತದೆ, ಹೊರರಾಜ್ಯದವರಿಗೆ ಸೀಟು ಕಡಿಮೆ ಇದ್ದರೂ.

ಹೊಸದಾಗಿ ಶುರುವಾದ, ತೀರಾ ದೂರದ ವಿಶ್ವವಿದ್ಯಾಲಯಗಳ ಬಗ್ಗೆ ನನ್ನ ಅಭಿಪ್ರಾಯ ಹೇಳುತ್ತೇನೆ, ಎಲ್ಲರೂ ಒಪ್ಪಲಿಕ್ಕಿಲ್ಲ. ರಾಷ್ಟ್ರೀಯ ಅನ್ನುವ ಹೆಸರಿದೆ ಅಂತ ವರ್ಷಕ್ಕೆ ಲಕ್ಷಗಟ್ಟಲೆ ಶುಲ್ಕ ಕೊಟ್ಟು, ಮೂರು ದಿನ ರೈಲಿನಲ್ಲಿ ಕೂತು, ಕಟ್ಟಡವೂ ಪೂರ್ತಿ ಆಗಿರದ ಕಡೆ ಹೋಗಬೇಕಾ ಅಂತ ಯೋಚಿಸು. ನಿನ್ನ ಅಪ್ಪನ ಅಂಗಡಿಯಿಂದ ಐದು ವರ್ಷ ಆ ದುಡ್ಡು ಬರಬೇಕು. ಧಾರವಾಡದಲ್ಲಿ ಹೈಕೋರ್ಟ್ ಪೀಠ ಇದೆ. 2008ರಲ್ಲಿ ಸಂಚಾರಿ ಪೀಠವಾಗಿ ಬಂತು, 2013ರಲ್ಲಿ ಕಾಯಂ ಆಯಿತು. ಎರಡನೇ ವರ್ಷದಿಂದಲೇ ಅಲ್ಲಿ ಒಬ್ಬ ಒಳ್ಳೆಯ ವಕೀಲರ ಕೈಕೆಳಗೆ ಫೈಲ್ ಓದುತ್ತಾ ಬೆಳೆದ ಹುಡುಗಿ, ಹೆಸರಿಗೆ ಮಾತ್ರ ದೊಡ್ಡ ಕಾಲೇಜಿನಿಂದ ಬಂದವರ ಮುಂದೆ ತಲೆ ಎತ್ತಿ ವಾದ ಮಾಡುವುದನ್ನು ನಾನು ನೋಡಿದ್ದೇನೆ.

ಹೀಗೆ ಎರಡನೇ ಬಾಗಿಲಿಗೆ ಬಂದೆವು, ನಮ್ಮ ಊರಿನದು. ಹುಬ್ಬಳ್ಳಿ ನವನಗರದಲ್ಲಿ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ ಇದೆ, 2009ರಲ್ಲಿ ಆದದ್ದು. ಅಲ್ಲಿನ ಲಾ ಸ್ಕೂಲಿಗೆ ಐದು ವರ್ಷದ ಕೋರ್ಸಿನ ಪ್ರವೇಶ ಪಿಯುಸಿ ಅಂಕದ ಮೆರಿಟ್ ಮೇಲೆ, ರಾಜ್ಯದ ಮೀಸಲಾತಿ ರೋಸ್ಟರ್ ಪ್ರಕಾರ. ಇಲ್ಲಿ ನಿನ್ನ 3ಬಿ ಲೆಕ್ಕಕ್ಕೆ ಬರುತ್ತದೆ, ನಿನ್ನ 95 ಬರುವುದಿಲ್ಲ. 312ಕ್ಕೆ ಆ ಮೆರಿಟ್ ಪಟ್ಟಿಯಲ್ಲಿ ಮೇಲೆ ಬರುವುದು ಕಷ್ಟ. ಆದರೂ ಅರ್ಜಿ ಹಾಕು. ಅದರ ಕೆಳಗೆ ಬರುವ ಕಾಲೇಜುಗಳಲ್ಲಿ ಬಾರ್ ಕೌನ್ಸಿಲ್ ಹೇಳುವ ಕನಿಷ್ಠ ಅಂಕ, ಅಂದರೆ ಸಾಮಾನ್ಯರಿಗೆ ಶೇ. 45, ಹಿಂದುಳಿದವರಿಗೆ 42, ಎಸ್‌ಸಿ, ಎಸ್‌ಟಿಗೆ 40 ಇದ್ದರೆ ಅರ್ಹತೆ ಸಿಗುತ್ತದೆ. ಹುಬ್ಬಳ್ಳಿ, ಧಾರವಾಡ, ಗದಗ, ರಾಣೆಬೆನ್ನೂರು ಎಲ್ಲ ಕಡೆ ಲಾ ಕಾಲೇಜುಗಳಿವೆ. ಶೇ. 52ಕ್ಕೆ ನಿನಗೆ ಈ ಸಾಲಿನಲ್ಲಿ ಒಂದು ಸೀಟು ಸಿಗದೇ ಇರುವ ಸಂಭವ ತೀರಾ ಕಡಿಮೆ, ಬೇಗ ಹೋದರೆ.

ಈಗ ನಿನ್ನ ಕೊನೆ ಪ್ರಶ್ನೆ: ಮನೆಯಲ್ಲಿ ಕೂರಲಾ, ಸೇರಲಾ? ಸೇರು. ಇಲ್ಲೇ ಐದು ವರ್ಷದ ಲಾ ಕೋರ್ಸಿಗೆ ಈಗಲೇ ಸೇರು, ಡಿಸೆಂಬರಿನಲ್ಲಿ ಕ್ಲ್ಯಾಟ್ ಬರೆ. ದೊಡ್ಡ ಸೀಟು ಸಿಕ್ಕರೆ ಮುಂದಿನ ವರ್ಷ ಅಲ್ಲಿ ಮೊದಲಿನಿಂದ ಶುರು ಮಾಡುತ್ತೀ. ಮನೆಯಲ್ಲಿ ಕೂತಿದ್ದರೂ ಆ ಒಂದು ವರ್ಷ ಹೋಗುತ್ತಿತ್ತು. ಸಿಗದಿದ್ದರೆ ನಿನ್ನ ಕೈಯಲ್ಲಿ ಆಗಲೇ ಒಂದು ವರ್ಷದ ಓದು ಇರುತ್ತದೆ. ಹಾವೇರಿ ಜಿಲ್ಲೆಯ ಒಬ್ಬ ಹುಡುಗ ನನ್ನ ಹತ್ತಿರ ಬರುತ್ತಿದ್ದ. ಮಾಕ್‌ನಲ್ಲಿ ನಿನ್ನ ಹಾಗೆಯೇ ಅಂಕ. ಬೇರೆಲ್ಲೂ ಅರ್ಜಿ ಹಾಕದೆ ಕ್ಲ್ಯಾಟನ್ನೇ ನಂಬಿ ಕೂತ. ಪರೀಕ್ಷೆಯ ದಿನ ಒಂದು ಪ್ಯಾಸೇಜಿನಲ್ಲಿ ಸಿಕ್ಕಿಹಾಕಿಕೊಂಡ, ರ‍್ಯಾಂಕ್ ದೂರ ಹೋಯಿತು. ಆಮೇಲೂ ಕೊನೆ ಸುತ್ತಿನ ತನಕ ಕಾದ. ಅಷ್ಟು ಹೊತ್ತಿಗೆ ಇಲ್ಲಿನ ಪ್ರವೇಶ ಮುಗಿದಿತ್ತು. ಎರಡನೇ ವರ್ಷವೂ ಮನೆಯಲ್ಲಿ ಕೂತ. ಅವನ ಮುಖ ನೆನಪಾದರೆ ಈಗಲೂ ಸಂಕಟ ಆಗುತ್ತದೆ.

ಸೇರುವ ಮುಂಚೆ ಎರಡು ವಿಷಯ ಬಾಯಿಬಿಟ್ಟು ಕೇಳು. ನಡುವೆ ಬಿಟ್ಟರೆ ಶುಲ್ಕ ಎಷ್ಟು ವಾಪಸ್, ಮತ್ತು ಮೂಲ ಅಂಕಪಟ್ಟಿ, ಟಿ.ಸಿ. ಯಾವಾಗ ಕೈಗೆ ಕೊಡುತ್ತಾರೆ. ನನ್ನ ಒಬ್ಬ ವಿದ್ಯಾರ್ಥಿನಿಗೆ ಒಂದು ಕಾಲೇಜಿನವರು ಮೂಲ ಅಂಕಪಟ್ಟಿ ಕೊಡೋಕೆ ಹದಿನೈದು ದಿನ ಅಲೆದಾಡಿಸಿದ್ದರು. ಪ್ರವೇಶದ ಕೊನೆ ದಿನ ಸಂಜೆ ಅದು ಕೈಗೆ ಸಿಕ್ಕಿತು. ಸೇರುವ ದಿನವೇ ಅಂಕಪಟ್ಟಿಯ ನಾಲ್ಕು ದೃಢೀಕೃತ ನಕಲು ಮಾಡಿಸಿಡು. ಹಾಜರಿ ವಿಷಯದಲ್ಲೂ ಸಡಿಲ ಬಿಡಬೇಡ, ಬಾರ್ ಕೌನ್ಸಿಲ್ ನಿಯಮದಂತೆ ಪ್ರತಿ ವಿಷಯದಲ್ಲೂ ಶೇ. 70 ಬೇಕು. ಗದಗಿನಿಂದ ಹುಬ್ಬಳ್ಳಿಗೆ ಅಪ್‌ಡೌನ್ ಮಾಡುವ ಮಕ್ಕಳು ಎಷ್ಟೋ ಜನ ಇದ್ದಾರೆ. ರೈಲಿನ ಆ ಹೊತ್ತು ಇಂಗ್ಲಿಷ್ ಪೇಪರ್ ಓದೋಕೆ ಆಗುತ್ತದೆ. ಪ್ರಚಲಿತ ವಿದ್ಯಮಾನದಿಂದ 28ರಿಂದ 32 ಪ್ರಶ್ನೆ ಬರುತ್ತವೆ, ಕಾನೂನು ತರ್ಕದಿಂದಲೂ ಅಷ್ಟೇ. ಇವೆರಡೇ ಅರ್ಧ ಪೇಪರ್. ಗಣಿತದಿಂದ ಹತ್ತರಿಂದ ಹದಿನಾಲ್ಕು. ಕಾಮರ್ಸ್ ಓದಿದವಳಿಗೆ ಶೇಕಡಾವಾರು, ಅನುಪಾತ, ಕೋಷ್ಟಕ ಕಷ್ಟ ಆಗಬಾರದು.

84ರಿಂದ 90ಕ್ಕೆ ಏರುವುದು ಹೇಗೆ ಅಂತ ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ಹತ್ತು ಟೆಸ್ಟಿನಲ್ಲೂ ಎಷ್ಟು ಸರಿ, ಎಷ್ಟು ತಪ್ಪು, ಎಷ್ಟು ಬಿಟ್ಟೆ ಅಂತ ಬರೆದುಕೋ. ಬರೀ ಒಟ್ಟು ಅಂಕ ನೋಡಿದರೆ ಏನೂ ತಿಳಿಯುವುದಿಲ್ಲ. ಪ್ರತಿ ತಪ್ಪಿಗೆ ಕಾಲು ಅಂಕ ಹೋಗುತ್ತದೆ. 98 ಸರಿ, 12 ತಪ್ಪು ಆದರೆ 95. 80 ಸರಿ, 36 ತಪ್ಪು ಆದರೆ 71. ನಿನ್ನ 71 ಹೀಗೆ ಬಂದಿದ್ದರೆ ನಿನಗೆ ಗೊತ್ತಿಲ್ಲದ್ದು ಜಾಸ್ತಿ ಅಂತಲ್ಲ, ಆ ದಿನ ಗಡಿಬಿಡಿ ಜಾಸ್ತಿ ಆಗಿತ್ತು ಅಂತ ಅರ್ಥ. ಊಹೆಯ ಲೆಕ್ಕವನ್ನೂ ತಿಳಿದುಕೋ. ನಾಲ್ಕರಲ್ಲಿ ಯಾವುದೂ ಗೊತ್ತಿಲ್ಲದೆ ಎಂಟು ಪ್ರಶ್ನೆಗೆ ಗುಂಡು ತುಂಬಿದರೆ ಸರಾಸರಿ ಎರಡು ಸರಿ, ಆರು ತಪ್ಪು. ಸಿಗುವುದು ಅರ್ಧ ಅಂಕ, ಹೋಗುವುದು ಹೊತ್ತು. ಅದೇ ಎರಡು ಉತ್ತರ ತಪ್ಪು ಅಂತ ಖಾತ್ರಿ ಇದ್ದು, ಉಳಿದ ಎರಡರಲ್ಲಿ ಒಂದನ್ನು ಆರಿಸಿದರೆ ಎಂಟಕ್ಕೆ ನಾಲ್ಕು ಸರಿ, ನಾಲ್ಕು ತಪ್ಪು. ಮೂರು ಅಂಕ ಕೈಗೆ ಬರುತ್ತದೆ. ಇಂಥ ಪ್ರಶ್ನೆಯನ್ನು ಬಿಟ್ಟು ಬರಬೇಡ. 84ರಲ್ಲಿರುವವರು 90ಕ್ಕೆ ಏರುವುದು ಸಾಮಾನ್ಯವಾಗಿ ಹೊಸ ವಿಷಯ ಕಲಿತಲ್ಲ. ಯಾವುದಕ್ಕೆ ಗುಂಡು ತುಂಬಬೇಕು, ಯಾವುದನ್ನು ಬಿಡಬೇಕು ಅಂತ ಕೈಗೆ ಗೊತ್ತಾಗಿ.

ಕನ್ನಡ ಮಾಧ್ಯಮದಲ್ಲಿ ಓದಿದ್ದೀಯಾ ಅಂತ ನೀನು ಬರೆದಿಲ್ಲ. ಓದಿದ್ದರೆ ಒಂದು ಕಡೆ ಕಣ್ಣಿಡು. ಪರೀಕ್ಷೆ ಇಂಗ್ಲಿಷಿನಲ್ಲಿ ಮಾತ್ರ. ಪ್ಯಾಸೇಜ್ ಒಂದೊಂದೂ 450 ಪದದ ತನಕ ಇರುತ್ತದೆ. ನಮ್ಮ ಮಕ್ಕಳಿಗೆ ಅರ್ಥ ಆಗುವುದಿಲ್ಲ ಅಂತಲ್ಲ, ಕೊನೆಯ ಅರ್ಧ ಗಂಟೆಯಲ್ಲಿ ಓದಿನ ವೇಗ ಬೀಳುತ್ತದೆ. ನಿನ್ನ ತಪ್ಪುಗಳು ಪೇಪರಿನ ಕೊನೆಯಲ್ಲಿ ಗುಂಪಾಗಿದ್ದರೆ ಅದೇ ಕಾರಣ. ದಿನಾ ಮುಂಜಾನೆ ಕೂತಲ್ಲಿಂದ ಏಳದೆ ಎರಡು ತಾಸು ಇಂಗ್ಲಿಷ್ ಓದುವ ಅಭ್ಯಾಸ ಮಾಡು. ಎರಡು ತಿಂಗಳಲ್ಲಿ ಫರಕು ಕಾಣುತ್ತದೆ.

ಪಿಯುಸಿ ಅಂಕ ನಿನ್ನ ಬೆನ್ನಿಗೆ ಜೀವನವಿಡೀ ಅಂಟಿಕೊಂಡಿರುತ್ತದೆ ಅನ್ನುವ ಭಯ ನಿನ್ನ ಪತ್ರದಲ್ಲಿ ಕಂಡಿತು. ಹಾಗಾಗುವುದಿಲ್ಲ. ಇಲ್ಲೇ ಎಲ್‌ಎಲ್‌ಬಿ ಮುಗಿಸಿದರೂ ಎಲ್‌ಎಲ್‌ಎಂಗೆ ಮತ್ತೆ ಕ್ಲ್ಯಾಟ್ ಇದೆ. ಆಗ ಕೇಳುವುದು ಎಲ್‌ಎಲ್‌ಬಿ ಅಂಕ, ಸಾಮಾನ್ಯರಿಗೆ ಶೇ. 50. ಟೆಸ್ಟ್ ಬರೆಯುವ ನಿನ್ನ ಕೈ ಆಗ ಮತ್ತೆ ಕೆಲಸಕ್ಕೆ ಬರುತ್ತದೆ. ವಕೀಲಿ ಸನ್ನದಿಗೆ ಬಾರ್ ಪರೀಕ್ಷೆ, ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಹೈಕೋರ್ಟ್ ನಡೆಸುವ ಪರೀಕ್ಷೆ. ಅವ್ವನ ಆಪರೇಷನ್ ನಡುವೆ ಬಂದ ಆ 312ನ್ನು ಅಲ್ಲಿ ಯಾರೂ ಅಳೆಯುವುದಿಲ್ಲ.

ಕ್ಲ್ಯಾಟ್ ಅರ್ಜಿ ಜುಲೈ, ಆಗಸ್ಟ್ ಹೊತ್ತಿಗೆ ಶುರುವಾಗುತ್ತದೆ. 2026ರ ಪ್ರವೇಶದ ಪರೀಕ್ಷೆಗೆ ಸಾಮಾನ್ಯ ವರ್ಗದ ಶುಲ್ಕ 4000 ರೂಪಾಯಿ ಇತ್ತು. ಅಷ್ಟರೊಳಗೆ ಮೂರು ಭಾನುವಾರದ ಪೇಪರ್ ಬರೆದು, ಒಂಬತ್ತು ಮನೆ ತುಂಬಿ, ಆ ಹಾಳೆಯನ್ನು ಅಪ್ಪನ ಮುಂದೆ ಇಡು. ಅಂಗಡಿಯ ಲೆಕ್ಕ ಬರೆಯುವವರಿಗೆ ಅದು ತಕ್ಷಣ ಅರ್ಥ ಆಗುತ್ತದೆ. ಒಂದನೇ ತರಗತಿಯಿಂದ ಓದಿದ ಶಾಲೆಗಳ ವ್ಯಾಸಂಗ ಪ್ರಮಾಣಪತ್ರಗಳನ್ನು ಈ ವಾರವೇ ಕೇಳಿ ತಂದಿಡು. ಫಾರಂ ತುಂಬುವ ದಿನ ಅಪ್ಪನನ್ನೂ ಪಕ್ಕದಲ್ಲಿ ಕೂರಿಸಿಕೊಂಡು, ಕರ್ನಾಟಕ ವಿದ್ಯಾರ್ಥಿ ಅನ್ನುವ ಕಾಲಂ ಬಂದಾಗ ಅವರಿಗೆ ಓದಿ ಹೇಳಿ ಟಿಕ್ ಮಾಡು.